256 ಮನೆಗಳ ಬಂಗುಡೆ

ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ಮನೆ. ಗಂಗೊಳ್ಳಿ ಬಂದರಿನಲ್ಲಿ ಬುಟ್ಟಿ ಬುಟ್ಟಿ ಇಳಿಯುವ ಬಂಗುಡೆಯನ್ನು ಇಷ್ಟರೊಳಗೆ ಕೂರಿಸಬೇಕು. ಒಂದು ಮನೆಗೆ ಒಂದೇ ಬಣ್ಣ. ಅರ್ಧ ಮನೆಗೆ ಬಳಿಯುವಂತಿಲ್ಲ, ಪಕ್ಕದ ಮನೆಗೆ ಹರಡುವಂತಿಲ್ಲ. ಬಿಡಿಸಿ ಮುಗಿದ ಮೇಲೆ ಕುಂದಾಪುರದವರು ನೋಡಿ ‘ಬಂಗ್ಡೆ’ ಅನ್ನಬೇಕು. ‘ಯಾವುದೋ ಮೀನು’ ಅಂದರೆ ಮತ್ತೆ ಮೊದಲಿಂದ ಶುರು.

ಪರದೆಯ ಮೇಲಿನ ಅತಿ ಸಣ್ಣ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಆ ಚುಕ್ಕಿಗಳನ್ನು ಒಂದೊಂದಾಗಿ ಕೈಯಾರೆ ಇಟ್ಟು ಕಟ್ಟುವ ಚಿತ್ರವೇ ಪಿಕ್ಸೆಲ್ ಆರ್ಟ್. ಕಂಪ್ಯೂಟರ್ ಅಥವಾ ಮೊಬೈಲ್ ಆಟದಲ್ಲಿ ಆಟಗಾರ ತನ್ನ ಚೀಲ ತೆರೆದಾಗ ಸಾಲಾಗಿ ಕಾಣುವ ಕತ್ತಿ, ಬೀಗದ ಕೈ, ಮದ್ದಿನ ಸೀಸೆ, ರೊಟ್ಟಿ, ಮೀನು ಇವೆಲ್ಲ ಐಕಾನುಗಳು. ಒಂದು ಸಾಧಾರಣ ಆಟಕ್ಕೂ ಇಂಥವು ನೂರಾರು ಬೇಕಾಗುತ್ತವೆ. ಒಬ್ಬರೋ ಇಬ್ಬರೋ ಸೇರಿ ಮನೆಯಲ್ಲೇ ಕೂತು ಆಟ ಕಟ್ಟುವವರಿಗೆ ಅಷ್ಟನ್ನೂ ತಾವೇ ಬಿಡಿಸುವ ಪುರಸೊತ್ತು ಇರುವುದಿಲ್ಲ. ಎಷ್ಟೋ ಮಂದಿಗೆ ಬಿಡಿಸಲು ಬರುವುದೂ ಇಲ್ಲ. ಅವರು ಸಿದ್ಧ ಐಕಾನುಗಳ ಕಟ್ಟನ್ನು ಕೊಂಡುಕೊಳ್ಳುತ್ತಾರೆ. ಈ ಐಕಾನ್ ಪ್ಯಾಕ್‌ಗಳನ್ನು ಬಿಡಿಸಿ ಮಾರುವುದು ಇಂದು ಜಗತ್ತಿನ ನಾನಾ ಮೂಲೆಗಳಲ್ಲಿ ಸಾವಿರಾರು ಮಂದಿ ಮಾಡುತ್ತಿರುವ ಕೈಕಸುಬು. ಬೇಕಾಗುವ ಬಂಡವಾಳ ಒಂದು ಹಳೇ ಲ್ಯಾಪ್‌ಟಾಪ್, ಇಂಟರ್‌ನೆಟ್ಟು, ತಾಳ್ಮೆ. ಬೈಂದೂರಿನಲ್ಲಿ ಕೂತು ಬಿಡಿಸಿದ್ದನ್ನು ಬ್ರೆಜಿಲ್‌ನವರು ಕೊಳ್ಳಲು ಅಡ್ಡಿಯೇನಿಲ್ಲ.

ಆಟ ಕಟ್ಟುವ ಕೆಲಸ ಈ ಕರಾವಳಿಗೆ ಹೊಸದಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಬ್ರಹ್ಮಾವರದಿಂದ ಹೆದ್ದಾರಿ ಹಿಡಿದರೆ ಸಿಗುವ ಉಡುಪಿಯಲ್ಲಿ ರೋಹಿತ್ ಭಟ್ 1996ರಲ್ಲಿ ರೋಬೋಸಾಫ್ಟ್ ಟೆಕ್ನಾಲಜೀಸ್ ಆರಂಭಿಸಿದರು. ಸಾಫ್ಟ್‌ವೇರ್ ಎಂದರೆ ಬೆಂಗಳೂರೇ ಎಂದಿದ್ದ ಕಾಲ ಅದು. ಮುಂದೆ ಅವರೇ ಕಟ್ಟಿದ 99ಗೇಮ್ಸ್ ಸಂಸ್ಥೆ ಉಡುಪಿಯಿಂದಲೇ ಮೊಬೈಲ್ ಆಟಗಳನ್ನು ಹೊರತಂದಿತು. 2013ರಲ್ಲಿ ‘ಧೂಮ್ 3’ ಸಿನಿಮಾದ ಆಟ, 2014ರಲ್ಲಿ ‘ಸ್ಟಾರ್ ಶೆಫ್’ ಎಂಬ ಅಡುಗೆಮನೆಯ ಆಟ. ಹೋಟೆಲ್ ಉದ್ಯಮಕ್ಕೆ ಹೆಸರಾದ ಊರಿನಿಂದ ಹೋಟೆಲ್ ನಡೆಸುವ ಆಟವೇ ಹೊರಟು ದೇಶ ವಿದೇಶಗಳ ಮೊಬೈಲುಗಳಿಗೆ ಇಳಿದದ್ದು ಹೆಮ್ಮೆಪಡುವ ಸಂಗತಿ. ಅವರ ಚಿತ್ರಶೈಲಿ ಪಿಕ್ಸೆಲ್ ಆರ್ಟ್ ಅಲ್ಲ, ನುಣುಪಾದ ಬಣ್ಣದ ಚಿತ್ರಗಳದ್ದು. ಆದರೆ ಅಡುಗೆಯ ಆಟ ಕಟ್ಟಿದವರಿಗೆ ಐಕಾನಿನ ಬೆಲೆ ಚೆನ್ನಾಗಿಯೇ ಗೊತ್ತಿರುತ್ತದೆ: ಟೊಮೆಟೊಗೆ ಒಂದು, ಈರುಳ್ಳಿಗೆ ಒಂದು, ಹೆಚ್ಚಿದ ಈರುಳ್ಳಿಗೆ ಇನ್ನೊಂದು. ರಾಜ್ಯ ಸರ್ಕಾರವೂ ಈ ರಂಗವನ್ನು ಬೇಗನೇ ಗುರುತಿಸಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ಕರ್ನಾಟಕ 2012ರಲ್ಲಿ ಪ್ರತ್ಯೇಕ ನೀತಿ ತಂದಿತು.

ಪಿಕ್ಸೆಲ್ ಆರ್ಟ್ ಹುಟ್ಟಿದ್ದು ಬಡತನದಲ್ಲಿ, ಅಂದರೆ ಯಂತ್ರದ ಬಡತನದಲ್ಲಿ. ಹಳೆಯ ಆಟದ ಯಂತ್ರಗಳಲ್ಲಿ ನೆನಪಿನ ಜಾಗ ತೀರಾ ಕಡಿಮೆ. 1989ರ ಗೇಮ್ ಬಾಯ್ ಪರದೆಯಲ್ಲಿ ಇದ್ದದ್ದು 160 ಅಡ್ಡ, 144 ಉದ್ದದ ಚುಕ್ಕಿಗಳು, ನಾಲ್ಕೇ ಛಾಯೆ. ಆ ಇಕ್ಕಟ್ಟಿನಲ್ಲೇ ಕಲಾವಿದರು ದಾರಿ ಹುಡುಕಿದರು. 1981ರ ‘ಡಾಂಕಿ ಕಾಂಗ್’ ಆಟಕ್ಕೆ ಶಿಗೆರು ಮಿಯಾಮೊಟೊ ಒಬ್ಬ ನಾಯಕನನ್ನು ಬಿಡಿಸಿದರು. ಅಷ್ಟು ಸಣ್ಣ ಮುಖದಲ್ಲಿ ಬಾಯಿ ಮೂಡುವುದಿಲ್ಲವೆಂದು ಮೀಸೆ ಬಂತು. ಓಡುವಾಗ, ಹಾರುವಾಗ ಕೂದಲು ಅಲುಗಾಡಿಸುವ ತಾಪತ್ರಯ ಬೇಡವೆಂದು ಟೊಪ್ಪಿ ಬಂತು. ಕೈ ಬೀಸುವುದು ಎದ್ದು ಕಾಣಲೆಂದು ಅಂಗಿಗೊಂದು ಬಣ್ಣ, ಮೇಲುಡುಪಿಗೊಂದು ಬಣ್ಣ. ಅವನೇ ಮಾರಿಯೊ. ಮಕ್ಕಳು ಇಂದಿಗೂ ದೂರದಿಂದಲೇ ಗುರುತು ಹಿಡಿಯುವ ಆ ರೂಪವನ್ನು ಕೊಟ್ಟದ್ದು ಚುಕ್ಕಿಗಳ ಅಭಾವ.

ಐಕಾನುಗಳ ವಿಷಯದಲ್ಲಿ ಮೊದಲು ನೆನೆಯಬೇಕಾದವರು ಸೂಸಾನ್ ಕೇರ್. 1984ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಕಸದ ಬುಟ್ಟಿ, ನಗುವ ಪುಟ್ಟ ಕಂಪ್ಯೂಟರ್ ಮುಂತಾದ ಚಿತ್ರಗಳನ್ನು ಬಿಡಿಸಿದವರು ಅವರು. ಒಂದೊಂದು ಚಿತ್ರಕ್ಕೆ 32 ಅಡ್ಡ, 32 ಉದ್ದದ ಮನೆಗಳು. ಬಣ್ಣ ಎರಡೇ, ಕಪ್ಪು ಮತ್ತು ಬಿಳಿ. ಅಂಗಡಿಯಿಂದ ಗ್ರಾಫ್ ಹಾಳೆಯ ಪುಸ್ತಕ ತಂದು ಮನೆ ಮನೆ ತುಂಬಿಸುತ್ತಾ ಅವರು ಕೆಲಸ ಶುರುಮಾಡಿದರು. ಮೊದಲೇ ಕಸೂತಿ, ಮೊಸಾಯಿಕ್ ಕೆಲಸ ಮಾಡಿ ಗೊತ್ತಿದ್ದುದರಿಂದ ಚೌಕಗಳ ಲೆಕ್ಕ ಅವರಿಗೆ ಹೊಸದೆನಿಸಲಿಲ್ಲ. ಆ ಗ್ರಾಫ್ ಪುಸ್ತಕ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಜಪಾನಿನ ಶಿಗೆಟಾಕಾ ಕುರಿಟಾ 1999ರಲ್ಲಿ 12 ಅಡ್ಡ, 12 ಉದ್ದದ ಮನೆಗಳಲ್ಲಿ ಬಿಡಿಸಿದ 176 ಎಮೋಜಿಗಳನ್ನೂ ಅದೇ ಸಂಗ್ರಹಾಲಯ 2016ರಲ್ಲಿ ಸೇರಿಸಿಕೊಂಡಿತು. ವಾಟ್ಸ್ಆ್ಯಪ್‌ನಲ್ಲಿ ದಿನವೂ ಕಳಿಸುವ ಹೃದಯ, ಸೂರ್ಯ, ಛತ್ರಿಗಳ ಪೂರ್ವಜರು ಅವು.

ಈಗಿನ ಫೋನುಗಳಿಗೆ ಜಾಗದ ಕೊರತೆ ಇಲ್ಲ. ಆದರೂ ಪಿಕ್ಸೆಲ್ ಆರ್ಟ್ ಉಳಿದಿದೆ, ಬೆಳೆದಿದೆ. ಕಾರಣ ಸರಳ: ಒಬ್ಬನೇ ಮನುಷ್ಯ ಒಂದು ಇಡೀ ಆಟದ ಚಿತ್ರಗಳನ್ನು ಮುಗಿಸಬಹುದಾದ ಶೈಲಿ ಇದು. ಎರಿಕ್ ಬ್ಯಾರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಚಿತ್ರ, ಸಂಗೀತ, ಕತೆ, ಪ್ರೋಗ್ರಾಂ ಎಲ್ಲವನ್ನೂ ಮಾಡಿ 2016ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಬಿಡುಗಡೆ ಮಾಡಿದರು. ಗದ್ದೆ ಮಾಡುವುದು, ದನ ಸಾಕುವುದು, ಮೀನು ಹಿಡಿಯುವುದು, ಊರಿನವರೊಂದಿಗೆ ಒಡನಾಡುವುದು, ಆಟವೆಂದರೆ ಇಷ್ಟೇ. ಅದು 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಅದರಲ್ಲಿ ಬರುವ ಮೀನಿನ ಐಕಾನುಗಳ ಅಳತೆ 16 ಅಡ್ಡ, 16 ಉದ್ದವೇ. ಅಲ್ಲಿಂದೀಚೆಗೆ ಹೊಲ ಮನೆ ಮೀನಿನ ಆಟ ಕಟ್ಟುವ ಉತ್ಸಾಹಿಗಳ ಒಂದು ಪಡೆಯೇ ಹುಟ್ಟಿಕೊಂಡಿದೆ. ಐಕಾನ್ ಪ್ಯಾಕ್ ಕೊಳ್ಳುವವರಲ್ಲಿ ಅವರೂ ಇದ್ದಾರೆ.

ಇನ್ನು ಬಂಗುಡೆಗೆ ಬರೋಣ.

ಮೊದಲ ಪ್ರಶ್ನೆ, ಮೀನನ್ನು ಮಲಗಿಸುವುದು ಹೇಗೆ? ಅಡ್ಡಡ್ಡ ಮಲಗಿಸಿದರೆ ಮೇಲೂ ಕೆಳಗೂ ಮನೆಗಳು ಖಾಲಿ ಬೀಳುತ್ತವೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಇಟ್ಟರೆ ಅದೇ ಚೌಕದಲ್ಲಿ ಮೀನು ಉದ್ದವಾಗಿ ಕಾಣುತ್ತದೆ. ಆಟಗಳಲ್ಲಿ ಕತ್ತಿ, ಬಾಣ, ಮೀನು ಹೆಚ್ಚಾಗಿ ಓರೆಯಾಗಿ ಕಾಣುವುದು ಈ ಕಾರಣಕ್ಕೆ. ಮುಂದಿನ ಹೆಜ್ಜೆ ಹೊರಗೆರೆ. ಬಣ್ಣದ ಯೋಚನೆ ಬಿಟ್ಟು, ಬರೀ ಒಂದೇ ಗಾಢ ಬಣ್ಣದಲ್ಲಿ ಆಕಾರ ತುಂಬಬೇಕು. ಆ ನೆರಳಿನಲ್ಲೇ ಬಂಗುಡೆ ಕಾಣದಿದ್ದರೆ ಮುಂದೆ ಎಷ್ಟು ಬಣ್ಣ ಹಾಕಿದರೂ ಕಾಣುವುದಿಲ್ಲ. ಬಂಗುಡೆಯ ಗುರುತು ಬಾಲದಲ್ಲಿದೆ: ಬುಡದಲ್ಲಿ ತೀರಾ ಸಪೂರವಾಗಿ, ಆಮೇಲೆ ಕವೆಯಂತೆ ಎರಡಾಗಿ ಒಡೆಯುತ್ತದೆ. ಬುಡಕ್ಕೆ ಒಂದೇ ಚುಕ್ಕಿ ಕೊಡಬೇಕು. ಎರಡು ಕೊಟ್ಟರೆ ಅದು ಹೊಳೆ ಮೀನಾಗಿಬಿಡುತ್ತದೆ.

ಆಮೇಲೆ ಬಣ್ಣ. ಬೆನ್ನಿಗೆ ನೀಲಿ ಬೆರೆತ ಹಸಿರು, ಪಕ್ಕೆಗೆ ಬೆಳ್ಳಿ, ಹೊಟ್ಟೆಗೆ ಬಿಳಿಯ ಹತ್ತಿರದ ಬಣ್ಣ, ನಡುವೆ ತೆಳ್ಳಗೆ ಹೊನ್ನಿನ ಛಾಯೆ. ನೆರಳು ಬೇಕಾದ ಕಡೆ ಅದೇ ಬಣ್ಣಕ್ಕೆ ಕಪ್ಪು ಬೆರೆಸಿದರೆ ಮೀನು ಹಳಸಿದಂತೆ ಕಾಣುತ್ತದೆ. ನುರಿತವರು ನೆರಳನ್ನು ನೀಲಿಯ ಕಡೆಗೂ ಬೆಳಕನ್ನು ಹಳದಿಯ ಕಡೆಗೂ ವಾಲಿಸುತ್ತಾರೆ. ಬೆನ್ನಿನ ಪಟ್ಟೆಗಳನ್ನು ಎಣಿಸಿ ಬಿಡಿಸಲು ಜಾಗವಿಲ್ಲ. ಒಂದು ಬಿಟ್ಟು ಒಂದರಂತೆ ನಾಲ್ಕು ಗಾಢ ಚುಕ್ಕಿ ಇಟ್ಟರೆ ಸಾಕು, ಉಳಿದ ಪಟ್ಟೆಗಳನ್ನು ನೋಡುವ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಮೀನಿನ ಕಣ್ಣಿಗೆ ಒಂದು ಚುಕ್ಕಿ.

ಮಾಂಜಿ ಸುಲಭ. ಗಾಳಿಪಟದ ಆಕಾರ, ಬೇರೆ ಯಾವ ಮೀನಿನೊಂದಿಗೂ ಗಲಿಬಿಲಿಯಾಗದು. ಕಾಣೆ ಉದ್ದಕ್ಕೆ ಸಪೂರ, ಚೂಪು ಮೂತಿ. ನಂಗ್ ಚಪ್ಪಟೆ ನಾಲಗೆ. ತೊಡಕಿರುವುದು ಅಂಜಲ್ ಮತ್ತು ಬೂತಾಯಿಯಲ್ಲಿ. ತೋಳುದ್ದದ ಅಂಜಲ್ಲಿಗೂ ಗೇಣುದ್ದದ ಬೂತಾಯಿಗೂ ಸಿಗುವುದು ಅದೇ 256 ಮನೆ. ಗಾತ್ರ ತೋರಿಸುವುದು ಹೇಗೆ? ಅಂಜಲ್ಲನ್ನು ಚೌಕದ ಎರಡೂ ಮೂಲೆ ಮುಟ್ಟುವಂತೆ ಬಿಡಿಸಿ, ಮೈಮೇಲಿನ ಅಡ್ಡಪಟ್ಟೆಗಳನ್ನು ಕೊಡಬಹುದು. ಬೂತಾಯಿಯನ್ನು ಒಂದು ಬಿಡಿಸುವ ಬದಲು ಮೂರು ಸಣ್ಣವನ್ನು ಒತ್ತಾಗಿ ಜೋಡಿಸಬಹುದು. ಮಾರುಕಟ್ಟೆಯಲ್ಲಿ ಬೂತಾಯಿಯನ್ನು ಯಾರೂ ಒಂದೊಂದಾಗಿ ಕೊಳ್ಳುವುದಿಲ್ಲವಲ್ಲ, ರಾಶಿ ಹಾಕಿಯೇ ಮಾರುವುದು. ಇಂಥ ಉಪಾಯ ಹೊಳೆಯಬೇಕಾದರೆ ಸಾಫ್ಟ್‌ವೇರ್ ಕಲಿತರೆ ಸಾಲದು, ಮೀನು ಮಾರುಕಟ್ಟೆಯಲ್ಲಿ ನಿಂತು ಗೊತ್ತಿರಬೇಕು. ಯಾವುದನ್ನು ಬಿಟ್ಟರೆ ನಡೆಯುತ್ತದೆ, ಯಾವುದನ್ನು ಬಿಟ್ಟರೆ ನಡೆಯುವುದಿಲ್ಲ ಎಂದು ಹೇಳಬಲ್ಲವರು ಆ ವಸ್ತುವಿನ ಜೊತೆ ಬದುಕಿದವರು. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಎಳೆಯರ ಕೈಯಲ್ಲಿರುವ ನಿಜವಾದ ಬಂಡವಾಳ ಇದು.

ಉಪ್ಪಿನಕುದ್ರಿನ ಗೊಂಬೆಯಾಟದವರು ಇದೇ ಲೆಕ್ಕವನ್ನು ತಲೆಮಾರುಗಳಿಂದ ಬಿಡಿಸುತ್ತ ಬಂದಿದ್ದಾರೆ. ಕುಂದಾಪುರ ತಾಲ್ಲೂಕಿನ ಆ ಊರಿನ ಕಾಮತ್ ಮನೆತನದ ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿ ಬಡಗುತಿಟ್ಟಿನ ಯಕ್ಷಗಾನವನ್ನು ಸೂತ್ರದ ಗೊಂಬೆಗಳಲ್ಲಿ ಆಡಿಸುತ್ತದೆ. ದೇವಣ್ಣ ಪದ್ಮನಾಭ ಕಾಮತ್, ಕೊಗ್ಗ ಕಾಮತ್, ಈಗ ಭಾಸ್ಕರ ಕೊಗ್ಗ ಕಾಮತ್. ಆಳೆತ್ತರದ ವೇಷ ಎರಡು ಗೇಣಿನ ಗೊಂಬೆಗೆ ಇಳಿಯುವಾಗ ಎಷ್ಟೋ ಸೂಕ್ಷ್ಮಗಳು ಬಿಟ್ಟುಹೋಗುತ್ತವೆ. ಆದರೆ ಹಿಂದಿನ ಸಾಲಿನಲ್ಲಿ ಕೂತವರಿಗೂ ಇದು ಪುರುಷವೇಷ, ಇದು ಸ್ತ್ರೀವೇಷ, ಇದು ಬಣ್ಣದ ವೇಷ ಎಂದು ತಿಳಿಯುತ್ತದೆ. ತಲೆಯ ಕಟ್ಟು, ಭುಜದ ಅಗಲ, ಮುಖದ ಒಂದೆರಡು ಬಣ್ಣ ಸರಿಯಾಗಿ ಉಳಿದರೆ ವೇಷ ನಿಂತಿತು. ಐಕಾನ್ ಬಿಡಿಸಲು ಕಲಿಯುವ ಮಗುವನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋದರೆ ಎಷ್ಟೋ ಪಾಠ ಮಾತಿಲ್ಲದೆ ಮುಗಿಯುತ್ತದೆ. ವೇಷಭೂಷಣದ ವಿವರ ಬೇಕಾದವರಿಗೆ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಇದ್ದೇ ಇದೆ. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ ಅದು.

ಒಂದು ಐಕಾನ್ ಚೆನ್ನಾಗಿ ಬಂದ ಮಾತ್ರಕ್ಕೆ ಪ್ಯಾಕ್ ಆಗುವುದಿಲ್ಲ. ಕೊಳ್ಳುವವರು ನೋಡುವುದು ಒಗ್ಗಟ್ಟು. ನೂರು ಐಕಾನುಗಳಿದ್ದರೆ ನೂರಕ್ಕೂ ಬೆಳಕು ಒಂದೇ ಕಡೆಯಿಂದ, ಸಾಮಾನ್ಯವಾಗಿ ಮೇಲಿನ ಎಡಮೂಲೆಯಿಂದ, ಬೀಳಬೇಕು. ಒಂದಕ್ಕೆ ಕಪ್ಪು ಹೊರಗೆರೆ ಇದ್ದರೆ ಎಲ್ಲಕ್ಕೂ ಇರಬೇಕು. ಬಣ್ಣಗಳಂತೂ ಒಂದೇ ಪ್ಯಾಲೆಟ್ಟಿನಿಂದ ಬರಬೇಕು. 16 ಅಥವಾ 32 ಬಣ್ಣಗಳ ಸಿದ್ಧ ಪ್ಯಾಲೆಟ್ಟುಗಳು ಲೋಸ್ಪೆಕ್ ಎಂಬ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮಾಂಜಿಯ ಬೆಳ್ಳಿಯೇ ಕತ್ತಿಯ ಅಲಗಿಗೂ ಬರಬೇಕು, ಬಂಗುಡೆಯ ಬೆನ್ನಿನ ಹಸಿರೇ ಬಾಳೆಲೆಯ ನೆರಳಿಗೂ ಬರಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಬಿಡಿಸಲು ಬಹಳ ಮಂದಿ ಬಳಸುವುದು ಡೇವಿಡ್ ಕ್ಯಾಪೆಲ್ಲೊ ಹುಟ್ಟುಹಾಕಿದ ಏಸ್‌ಪ್ರೈಟ್. ಅದಕ್ಕೆ ಒಮ್ಮೆ ಹಣ ಕೊಟ್ಟರಾಯಿತು. ಕೊಡಲಾಗದವರಿಗೆ ಲಿಬ್ರೆಸ್ಪ್ರೈಟ್ ಇದೆ, ಬ್ರೌಸರಿನಲ್ಲೇ ನಡೆಯುವ ಪಿಸ್ಕೆಲ್ ಇದೆ, ಎರಡೂ ಉಚಿತ. ಮುಗಿದ ಚಿತ್ರಗಳನ್ನು ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಕಡತಗಳಾಗಿ ಕೊಡಬೇಕು: ಬಿಡಿ ಬಿಡಿಯಾಗಿ ಒಂದು ಸಲ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಜೋಡಿಸಿ ಇನ್ನೊಂದು ಸಲ. ಈ ಹಾಳೆಗೆ ಸ್ಪ್ರೈಟ್‌ಶೀಟ್ ಎನ್ನುತ್ತಾರೆ. ಯಾರಿಗೆ ಮಾರುತ್ತೇವೆ ಎಂಬುದರ ಮೇಲೆ ಅಳತೆ ನಿಲ್ಲುತ್ತದೆ. ಆರ್‌ಪಿಜಿ ಮೇಕರ್ ಎಂಬ ಆಟ ಕಟ್ಟುವ ಸಾಧನದ ವಿಎಕ್ಸ್ ಏಸ್ ಆವೃತ್ತಿಗೆ 24 ಚುಕ್ಕಿಯ ಐಕಾನ್ ಬೇಕು, 2015ರ ಎಂವಿ ಆವೃತ್ತಿಗೆ 32 ಚುಕ್ಕಿಯದು, ಸಾಲಿಗೆ 16ರಂತೆ ಜೋಡಿಸಿದ್ದು. 16ರ ಐಕಾನನ್ನು ಸರಿಯಾಗಿ ದುಪ್ಪಟ್ಟು ಮಾಡಿದರೆ 32 ಆಗುತ್ತದೆ, ಒಂದು ಚುಕ್ಕಿಯ ಜಾಗದಲ್ಲಿ ನಾಲ್ಕು. ಆದರೆ 24ಕ್ಕೆ ಹಿಗ್ಗಿಸಿದರೆ ಕೆಲವು ಚುಕ್ಕಿ ದಪ್ಪ, ಕೆಲವು ಸಪೂರ ಆಗಿ ಮೀನು ಸೊಟ್ಟಗಾಗುತ್ತದೆ. ಅದನ್ನು ಹೊಸದಾಗಿಯೇ ಬಿಡಿಸಬೇಕು.

ಮಾರುವ ಜಾಗಗಳಲ್ಲಿ ಸಣ್ಣವರಿಗೆ ಹತ್ತಿರವಾದದ್ದು ಇಚ್ ಡಾಟ್ ಐಒ. ಲೀಫ್ ಕೊರ್ಕೊರನ್ 2013ರಲ್ಲಿ ಶುರುಮಾಡಿದ ಈ ತಾಣದಲ್ಲಿ ತಾಣಕ್ಕೆ ಎಷ್ಟು ಪಾಲು ಎಂಬುದನ್ನು ಮಾರುವವರೇ ನಿರ್ಧರಿಸಬಹುದು. ಮೊದಲೇ ಇಟ್ಟಿರುವ ದರ 10 ಶೇಕಡ. 2010ರಲ್ಲಿ ತೆರೆದ ಯೂನಿಟಿ ಅಸೆಟ್ ಸ್ಟೋರ್ 30 ಶೇಕಡ ಇಟ್ಟುಕೊಳ್ಳುತ್ತದೆ. 5 ಡಾಲರಿನ ಪ್ಯಾಕ್ ಮಾರಿದರೆ ಒಂದು ಕಡೆ ಅರ್ಧ ಡಾಲರ್, ಇನ್ನೊಂದು ಕಡೆ ಒಂದೂವರೆ ಡಾಲರ್ ಬಿಟ್ಟುಕೊಡಬೇಕು, ಹಣ ಸಾಗಿಸುವ ಶುಲ್ಕ ಬೇರೆ. ಬೆಲೆಗಳು ಸಾಮಾನ್ಯವಾಗಿ ಕೆಲವೇ ಡಾಲರು. ಒಂದು ಪ್ಯಾಕಿನಿಂದ ಮನೆ ನಡೆಯುತ್ತದೆ ಎಂದು ಯಾರೂ ಹೊರಡಬಾರದು. ಒಂದೇ ಶೈಲಿಯಲ್ಲಿ ಮೀನು, ತರಕಾರಿ, ಪಾತ್ರೆ, ಸಲಕರಣೆ ಎಂದು ಸಾಲು ಸಾಲು ಪ್ಯಾಕ್ ಮಾಡಿದವರ ಬಳಿಗೆ ಮೊದಲ ಗಿರಾಕಿ ಮರಳಿ ಬರುತ್ತಾನೆ, ಏಕೆಂದರೆ ಅವನ ಆಟಕ್ಕೆ ಬೇರೆ ಶೈಲಿಯ ಚಿತ್ರ ಹೊಂದುವುದಿಲ್ಲ.

ಪುಕ್ಕಟೆ ಸಿಗುವವೂ ರಾಶಿ ಇವೆ. ನೆದರ್ಲೆಂಡ್ಸ್‌ನ ಕೆನ್ನಿ ಸಾವಿರಾರು ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಹಂಚಿದ್ದಾರೆ. 2009ರಲ್ಲಿ ಆರಂಭವಾದ ಓಪನ್‌ಗೇಮ್‌ಆರ್ಟ್ ತಾಣದಲ್ಲಿ 7ಸೋಲ್ ಎಂಬ ಹೆಸರಿನ ಕಲಾವಿದರು ಇಟ್ಟಿರುವ 496 ಐಕಾನುಗಳ ಕಟ್ಟು ಹೆಸರುವಾಸಿ. ಅಲ್ಲಿ ಕತ್ತಿ, ಗುರಾಣಿ, ಮಂತ್ರದ ಪುಸ್ತಕ, ಯುರೋಪಿನ ಮಧ್ಯಯುಗದ ಸರಕು ಬೇಕಾದಷ್ಟಿದೆ. ಇಷ್ಟು ಉಚಿತವಾಗಿ ಸಿಗುವಾಗ ಹಣ ಕೊಟ್ಟು ಕೊಳ್ಳಬೇಕಾದರೆ ಬೇರೆಲ್ಲೂ ಸಿಗದ್ದೇನಾದರೂ ಇರಬೇಕು. ಅಡಿಕೆ ಹಾಳೆಯ ಮುಟ್ಟಾಳೆ, ನಟ್ಟಿ ಗದ್ದೆಯಲ್ಲಿ ಹೆಂಗಸರು ಮಳೆಗೆ ಹೊದೆಯುವ ಗೊರಬು, ಕಂಬಳದ ಹಲಗೆ, ಚೆಂಡೆ, ಕೇದಗೆ ಮುಂದಲೆ, ನಾಡದೋಣಿ, ರಂಪಣಿ ಬಲೆ, ಚಟ್ಲಿ, ನೀರ್‌ದೋಸೆ, ಕೋಳಿ ಸುಕ್ಕ. ಇಷ್ಟನ್ನು ಒಂದೇ ಪ್ಯಾಲೆಟ್ಟಿನಲ್ಲಿ ಬಿಡಿಸಿದ ಕಟ್ಟೊಂದು ಆ ರಾಶಿಯ ನಡುವೆ ಖಂಡಿತ ಎದ್ದು ಕಾಣುತ್ತದೆ. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಋತುವಿಗೆ ತಕ್ಕಂತೆ ಮೀನು ಬದಲಾಗುತ್ತದೆ. ನಮ್ಮ ಕಡಲಿಗೂ ಅಂಥದೇ ನಿಯಮವಿದೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಇಳಿಯುವಂತಿಲ್ಲ, ನಾಡದೋಣಿಯವರದೇ ಕಾಲ. ಪ್ಯಾಕಿನ ಜೊತೆ ಯಾವ ಮೀನು ಯಾವ ಕಾಲಕ್ಕೆ, ಯಾವ ಬಲೆಗೆ ಎಂಬ ಒಂದು ಪುಟದ ಟಿಪ್ಪಣಿ ಇಟ್ಟರೆ ಆಟ ಕಟ್ಟುವವರಿಗೆ ಅರ್ಧ ಕತೆಯೇ ಸಿಕ್ಕಂತೆ.

ಲೈಸೆನ್ಸ್ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬಿಡಿಸಿದ ಚಿತ್ರ ಬಿಡಿಸಿದವರದೇ, ಅವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಪ್ಯಾಕ್ ಮಾರುವುದೆಂದರೆ ಬಳಸುವ ಅನುಮತಿ ಮಾರುವುದು. ಆಟದಲ್ಲಿ ಬಳಸಬಹುದು, ಆ ಆಟ ಮಾರಿ ದುಡ್ಡು ಮಾಡಬಹುದು, ಆದರೆ ಐಕಾನುಗಳನ್ನೇ ಮತ್ತೆ ಮಾರುವಂತಿಲ್ಲ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಸ್ಪಷ್ಟವಾಗಿ ಬರೆದು ಪ್ಯಾಕಿನೊಳಗೆ ಇಡಬೇಕು. ಹಣ ಪೇಪಾಲ್ ಅಥವಾ ಪೇಯೊನೀರ್ ಮೂಲಕ ಬ್ಯಾಂಕ್ ಖಾತೆಗೆ ಬರುತ್ತದೆ. ಅಮೆರಿಕದ ತಾಣಗಳು ಡಬ್ಲ್ಯು-8ಬಿಇಎನ್ ಎಂಬ ತೆರಿಗೆ ನಮೂನೆ ತುಂಬಿಸಿಕೊಳ್ಳುತ್ತವೆ. ಅದಕ್ಕೆ ಪ್ಯಾನ್ ಕಾರ್ಡ್ ಎದುರಿಗಿರಲಿ, ಊರಿನ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ನೂರು ಐಕಾನ್ ಉಗುಳುವಾಗ ಕೈಯಿಂದ ಬಿಡಿಸಿದ್ದಕ್ಕೆ ಬೆಲೆ ಉಳಿದೀತೇ ಎಂಬ ಆತಂಕ ಸಹಜ. ಯಂತ್ರ ಬಿಡಿಸಿದ ಪಿಕ್ಸೆಲ್ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಹೆಚ್ಚಿನ ಸಲ ಮನೆಗಳೇ ಸರಿಯಾಗಿ ಕೂತಿರುವುದಿಲ್ಲ, ಚುಕ್ಕಿಗಳು ಅರ್ಧಂಬರ್ಧ ಒರಸಿದಂತೆ ಇರುತ್ತವೆ. ಅದು ನಾಳೆ ಸುಧಾರಿಸಬಹುದು. ಆದರೆ ಕೊಳ್ಳುವವರಲ್ಲಿ ಕೈಕೆಲಸವನ್ನೇ ಹುಡುಕುವವರು ಗಣನೀಯವಾಗಿದ್ದಾರೆ. ಇಚ್ ಡಾಟ್ ಐಒ 2024ರ ನವೆಂಬರಿನಲ್ಲಿ ಒಂದು ನಿಯಮ ತಂದು, ಆಟದ ಚಿತ್ರ ಮತ್ತು ಸದ್ದು ಮಾರುವವರೆಲ್ಲ ಕೃತಕ ಬುದ್ಧಿಮತ್ತೆ ಬಳಸಿದ್ದಾರೋ ಇಲ್ಲವೋ ಎಂದು ಹೇಳಲೇಬೇಕು ಎಂದಿತು. ಅದರಿಂದ ಕೈಯಾರೆ ಬಿಡಿಸುವವರಿಗೆ ಲಾಭವೇ ಆಗಿದೆ. ಕೆಲಸದ ನಡುವಿನ ಹಂತಗಳನ್ನು ಉಳಿಸಿಟ್ಟುಕೊಂಡು ಮಾರಾಟದ ಪುಟದಲ್ಲಿ ತೋರಿಸಿದರೆ ಕೊಳ್ಳುವವರಿಗೆ ನಂಬಿಕೆ ಬರುತ್ತದೆ.

ಶುರುಮಾಡುವವರಿಗೆ ಒಳ್ಳೆಯ ಗಳಿಗೆ ಗ್ಲೋಬಲ್ ಗೇಮ್ ಜ್ಯಾಮ್. 2009ರಿಂದ ವರ್ಷ ವರ್ಷ ಜನವರಿಯ ಕೊನೆಯ ಹೊತ್ತಿಗೆ ಜಗತ್ತಿನ ನಾನಾ ಊರುಗಳಲ್ಲಿ ನಡೆಯುವ ಈ ಕೂಟದಲ್ಲಿ ಅಪರಿಚಿತರು ಗುಂಪು ಕಟ್ಟಿಕೊಂಡು ಸುಮಾರು 48 ಗಂಟೆಯಲ್ಲಿ ಒಂದು ಆಟ ಕಟ್ಟಿ ಮುಗಿಸುತ್ತಾರೆ. ಎರಡು ದಿನದಲ್ಲಿ ಚಿತ್ರ ಬಿಡಿಸುತ್ತ ಕೂರಲು ಸಮಯವಿಲ್ಲದ ಗುಂಪುಗಳಿಗೆ ಸಿದ್ಧ ಐಕಾನುಗಳು ಆಗಲೇ ಬೇಕು. ಡಿಸೆಂಬರಿನೊಳಗೆ ಹತ್ತು ಮೀನುಗಳ ಒಂದು ಉಚಿತ ಮಾದರಿ, ಅದರ ಪಕ್ಕದಲ್ಲೇ ನಲವತ್ತು ಮೀನುಗಳ ಪೂರ್ತಿ ಪ್ಯಾಕ್ ಸಿದ್ಧವಿದ್ದರೆ, ಗಂಗೊಳ್ಳಿಯ ಮಾಂಜಿ ಯಾವುದೋ ದೇಶದ ಯಾವುದೋ ಆಟದ ಬುಟ್ಟಿಗೆ ಫೆಬ್ರವರಿಯೊಳಗೆ ಬೀಳಬಹುದು.